ಕುಚ್ಚಿನ ಬಾಳಿಕೆ ಮೊದಲ ಸಾಲಿನಲ್ಲಿದೆ

ಸೀರೆಗೆ ಕ್ರೋಶಾ ಕುಚ್ಚು ಹಾಕಲು ಹೊಸದಾಗಿ ಕಲಿತವರ ದೂರು ಹೆಚ್ಚುಕಡಿಮೆ ಒಂದೇ. ವಿಡಿಯೊದಲ್ಲಿ ಕಂಡ ವಿನ್ಯಾಸವನ್ನೇ ಹೆಣೆದಿರುತ್ತಾರೆ. ದಾರ, ಮಣಿ, ಬಣ್ಣ ಯಾವುದರಲ್ಲೂ ವ್ಯತ್ಯಾಸವಿರುವುದಿಲ್ಲ. ಆದರೂ ಸೆರಗನ್ನು ಮಂಚದ ಮೇಲೆ ಹರಡಿದರೆ ಅಂಚು ಮುದುಡಿಕೊಂಡು ನಿಲ್ಲುತ್ತದೆ, ಇಲ್ಲವೇ ಅಲೆಯಲೆಯಾಗಿ ಏಳುತ್ತದೆ. ಕೆಲವು ಸಲ ಉಟ್ಟು ಮಡಿಸಿಟ್ಟ ಮೇಲೆ, ಕುಚ್ಚು ಹಿಡಿದ ಜಾಗದಲ್ಲಿ ಬಟ್ಟೆಯ ಎಳೆಗಳೇ ಜರುಗಿ ಸಣ್ಣ ಸಣ್ಣ ಕಿಂಡಿಗಳು ಬೀಳುತ್ತವೆ. ವಿನ್ಯಾಸವೇ ಸರಿಯಿಲ್ಲವೆಂದು ಇನ್ನೊಂದನ್ನು ಹುಡುಕುತ್ತಾರೆ. ಅದೂ ಹಾಗೆಯೇ ಆಗುತ್ತದೆ. ಕುಚ್ಚಿನ ಚೆಂದ ಕಣ್ಣಿಗೆ ಬೀಳುವುದು ಕೊನೆಯ ಸಾಲಿನಲ್ಲಿ, ನಿಜ. ಆದರೆ ಅದರ ಬಾಳಿಕೆ, ಅಂಚಿನ ನೇರ, ಸೆರಗು ಇಳಿಬೀಳುವ ರೀತಿ ಎಲ್ಲವೂ ತೀರ್ಮಾನವಾಗುವುದು ಬಟ್ಟೆಯನ್ನು ಕಚ್ಚಿಕೊಳ್ಳುವ ಮೊದಲ ಸಾಲಿನಲ್ಲಿ. ಐವತ್ತು ವಿನ್ಯಾಸ ಕಲಿಯುವ ಮೊದಲು ಆ ಒಂದು ಸಾಲನ್ನು ಸರಿಯಾಗಿ ಹಾಕಲು ಕಲಿಯಿರಿ ಎಂಬುದೇ ಈ ಲೇಖನದ ವಾದ. ಅದಕ್ಕೆ ಕಾರಣವನ್ನು ಮೊದಲು ನೋಡಿ, ಆಮೇಲೆ ಕೈಗೆ ಕಡ್ಡಿ ತೆಗೆದುಕೊಳ್ಳೋಣ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯವರಿಗೆ ಈ ವಿಷಯ ಹತ್ತಿರದ್ದು. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳ ಬೀದಿಗಳೇ ಇವೆ. ರೇಷ್ಮೆ ಸೀರೆ, ಆರ್ಟ್ ಸಿಲ್ಕ್ ಸೀರೆ ಎರಡೂ ಅಲ್ಲಿ ನೇಯಲ್ಪಡುತ್ತವೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಇದೆ. ಗೂಡಿನಿಂದ ಸೀರೆಯವರೆಗಿನ ಕೆಲಸಗಳಲ್ಲಿ ಬಹಳಷ್ಟು ಈ ಸೀಮೆಯಲ್ಲೇ ನಡೆಯುವಾಗ, ಮಗ್ಗದಿಂದ ಇಳಿದ ಸೀರೆಗೆ ಆಗಬೇಕಾದ ಕೊನೆಯ ಕೈಕೆಲಸವೂ ಇಲ್ಲಿನ ಮನೆಗಳಿಗೆ ಬಂದದ್ದು ಸಹಜ. ಬ್ಲೌಸ್ ಹೊಲಿಯುವ ಅಂಗಡಿಗಳು ಫಾಲ್, ಪಿಕೋ ಜೊತೆಗೆ ಕುಚ್ಚಿಗೂ ಸೀರೆ ಹಿಡಿಯುತ್ತವೆ, ಹಿಡಿದದ್ದನ್ನು ಮನೆಯಲ್ಲಿ ಕೂತು ಹೆಣೆಯುವ ಹೆಂಗಸರಿಗೆ ಹಂಚುತ್ತವೆ. ಕ್ರೋಶಾ ಮಾತ್ರ ನಮ್ಮಲ್ಲಿ ಹುಟ್ಟಿದ ಕಲೆಯಲ್ಲ. 19ನೇ ಶತಮಾನದ ಯೂರೋಪಿನಲ್ಲಿ ಅದು ಮನೆಮನೆಯ ಕೆಲಸವಾಯಿತು. 1840ರ ದಶಕದ ಕ್ಷಾಮದಲ್ಲಿ ಐರ್ಲೆಂಡಿನ ಬಡ ಕುಟುಂಬಗಳಿಗೆ ಅನ್ನದ ದಾರಿಯೂ ಆಯಿತು. ಅದೇ ಶತಮಾನದಲ್ಲಿ ಮಿಷನರಿಗಳ ಕೈಯಿಂದ ಆಂಧ್ರದ ಗೋದಾವರಿ ಸೀಮೆಗೆ ಬಂದು, ನರಸಾಪುರದ ಲೇಸ್ ಎಂಬ ಹೆಸರು ಪಡೆಯಿತು. ಸೀರೆಯ ಸೆರಗಿಗೆ ಅದನ್ನು ಹತ್ತಿಸಿದ್ದು ಇತ್ತೀಚಿನ ರೂಢಿ.

ನೇಯ್ಗೆಯ ಅಂಚಿಗೆ ಹೆಣಿಗೆಯ ಭಾರ

ಹಳೆಯ ಕುಚ್ಚಿಗೂ ಈಗಿನ ಕ್ರೋಶಾ ಕುಚ್ಚಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹಳೆಯ ಕುಚ್ಚಿನಲ್ಲಿ ಸೆರಗಿನ ತುದಿಯಲ್ಲಿ ನೇಯದೆ ಬಿಟ್ಟ ಹಾಸಿನ ಎಳೆಗಳನ್ನೇ ಗುಂಪು ಮಾಡಿ ಗಂಟು ಹಾಕುತ್ತಿದ್ದರು. ಆ ಎಳೆಗಳು ಸೀರೆಯ ಉದ್ದಕ್ಕೂ ಹಾದುಬಂದಿರುವುದರಿಂದ ಕುಚ್ಚಿನ ಭಾರವನ್ನು ಇಡೀ ಸೀರೆ ಹೊರುತ್ತಿತ್ತು. ಜೊತೆಗೆ ಆ ಗಂಟೇ ಕೊನೆಯ ಹೊಕ್ಕಿನ ಎಳೆ ಆಚೆಗೆ ಜಾರದಂತೆ ತಡೆಯುತ್ತಿತ್ತು. ಕ್ರೋಶಾ ಕುಚ್ಚಿನಲ್ಲಿ ಆ ಎಳೆಗಳನ್ನು ಕತ್ತರಿಸಿ, ಹೊರಗಿನ ದಾರ ತಂದು ಬಟ್ಟೆಯ ಅಂಚಿಗೆ ಸಿಕ್ಕಿಸುತ್ತೇವೆ. ಸೀರೆಯ ಎರಡು ಪಕ್ಕದ ಅಂಚುಗಳಲ್ಲಿ ಹೊಕ್ಕಿನ ನೂಲು ಹೋಗಿ ತಿರುಗಿ ಬರುವುದರಿಂದ ಅವು ತಾವಾಗಿ ಬಿಚ್ಚಿಕೊಳ್ಳುವುದಿಲ್ಲ. ಸೆರಗಿನ ತುದಿ ಹಾಗಲ್ಲ. ಅಲ್ಲಿ ಕೊನೆಯ ಹೊಕ್ಕಿನ ಎಳೆಯನ್ನು ಹಿಡಿದಿಡುವಂಥದ್ದು ಏನೂ ಇಲ್ಲ. ಅದರ ಹತ್ತಿರ ಕುಣಿಕೆ ಹಾಕಿ ಭಾರ ಕಟ್ಟಿದರೆ, ಭಾರ ಎಳೆದಂತೆಲ್ಲ ಹೊಕ್ಕಿನ ಎಳೆಗಳು ಒಂದೊಂದಾಗಿ ತುದಿಯ ಕಡೆಗೆ ಜರುಗುತ್ತವೆ. ಕಿಂಡಿ ಬೀಳುವುದು ಹೀಗೆ. ಗೋಂದು ತೆಗೆದ ರೇಷ್ಮೆ ಎಳೆ ನುಣುಪಾಗಿರುವುದರಿಂದ ಹತ್ತಿ ಬಟ್ಟೆಗಿಂತ ಬೇಗ ಜಾರುತ್ತದೆ. ವಿಸ್ಕೋಸ್‌ನಿಂದ ನೇಯ್ದ ಆರ್ಟ್ ಸಿಲ್ಕ್ ಸೀರೆಗೆ ಇನ್ನೊಂದು ತೊಡಕಿದೆ: ಆ ನೂಲು ಒದ್ದೆಯಾದಾಗ ತನ್ನ ಬಲದ ಗಣನೀಯ ಪಾಲನ್ನು ಕಳೆದುಕೊಳ್ಳುತ್ತದೆ, ಆದ್ದರಿಂದ ಒಗೆದು ನೇತುಹಾಕಿದ ಹೊತ್ತಿನಲ್ಲೇ ಅಂಚು ಹೆಚ್ಚು ಸೋಲುತ್ತದೆ.

ಎರಡನೆಯ ಕಾರಣ ಅಳತೆಯದು. ನೇಯ್ದ ಬಟ್ಟೆಯಲ್ಲಿ ಹಾಸು, ಹೊಕ್ಕು ಎರಡೂ ನೇರವಾಗಿ ಹಾದುಹೋಗಿರುವುದರಿಂದ ಅಂಚಿನ ಉದ್ದ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹೆಣಿಗೆ ಎಂದರೆ ಕುಣಿಕೆಯೊಳಗಿಂದ ಕುಣಿಕೆ ಎಳೆಯುವುದು. ಕೈ ಬಿಗಿಯಾದರೆ ಅದು ಕುಗ್ಗುತ್ತದೆ, ಸಡಿಲವಾದರೆ ಹಿಗ್ಗುತ್ತದೆ. ಈ ಎರಡನ್ನೂ ಒಂದೇ ಗೆರೆಯಲ್ಲಿ ಜೋಡಿಸಿದಾಗ ಸೋಲಬೇಕಾದದ್ದು ಬಟ್ಟೆಯೇ. 117 ಸೆಂ.ಮೀ. ಅಂಚಿಗೆ 110 ಸೆಂ.ಮೀ. ಸಾಲು ಹೆಣೆದರೆ ಉಳಿದ 7 ಸೆಂ.ಮೀ. ಬಟ್ಟೆ ನೆರಿಗೆಯಾಗಿ ನಿಲ್ಲಲೇಬೇಕು. 124 ಸೆಂ.ಮೀ. ಹೆಣೆದರೆ ಹೆಣಿಗೆ ಅಲೆಯಾಗಿ ಏಳಲೇಬೇಕು. ಎರಡನೆಯ, ಮೂರನೆಯ ಸಾಲುಗಳು ಕೂರುವುದು ಮೊದಲ ಸಾಲಿನ ಮೇಲೆಯೇ ಆದ್ದರಿಂದ ಮುಂದೆ ಎಷ್ಟು ಜಾಣತನ ತೋರಿಸಿದರೂ ಈ ವ್ಯತ್ಯಾಸ ಹೋಗುವುದಿಲ್ಲ. ಇಸ್ತ್ರಿ ಮಾಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಬಿಸಿ ತಾಗಿದ ಹೊತ್ತಿಗೆ ಅಂಚು ನೇರವಾದಂತೆ ಕಂಡರೂ ಅಳತೆಯ ಲೆಕ್ಕ ಬದಲಾಗಿರುವುದಿಲ್ಲ; ಮುಂದಿನ ಸಲ ಉಟ್ಟಾಗ ನೆರಿಗೆ ಮರಳಿ ಬರುತ್ತದೆ.

ಅನುಭವವಿರುವ ಕೈಗೆ ಕಣ್ಣಂದಾಜು ಸಾಲದೇ, ಟೇಪು ಹಿಡಿದು ಗುರುತು ಹಾಕುವುದು ಏಕೆ ಎಂದು ಕೇಳಬಹುದು. ಸಾವಿರಾರು ಸಲ ಹಾಕಿದ ಕೈಗೆ ಸಾಕು. ಕಲಿಯುವ ಕೈಗೆ ಸಾಲದು, ಏಕೆಂದರೆ ಇಲ್ಲಿ ತಪ್ಪು ಕೂಡಿಕೊಳ್ಳುತ್ತಾ ಹೋಗುತ್ತದೆ. ಒಂದೊಂದು ಜಾಗದಲ್ಲಿ 1 ಮಿ.ಮೀ. ಕಡಿಮೆಯಾದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. 117 ಜಾಗಗಳಲ್ಲಿ ಅದು 11.7 ಸೆಂ.ಮೀ. ಆಗುತ್ತದೆ. ಆರಂಭದಲ್ಲಿ ಹಗುರವಾಗಿದ್ದ ಕೈ ಸೆರಗಿನ ಮಧ್ಯಕ್ಕೆ ಬರುವಷ್ಟರಲ್ಲಿ ದಣಿದು ಬಿಗಿಯಾಗುವುದೂ ಇದೆ. ಒಂದೇ ಸೀರೆಯ ಒಂದು ಕೊನೆ ಚೆನ್ನಾಗಿದ್ದು ಇನ್ನೊಂದು ಕೊನೆ ಮುದುಡುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ.

ಸಾಮಾನು, ಮತ್ತು ಕಲಿಯಬೇಕಾದ ಮೂರು ಹೆಣಿಗೆ

ಎರಡು ಕಡ್ಡಿಯ ಉಲ್ಲನ್ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಒಟ್ಟಿಗೆ ಕಡ್ಡಿಯ ಮೇಲೆ ತೆರೆದಿರುತ್ತವೆ. ಒಂದು ಜಾರಿದರೆ ಕೆಳಗಿನವರೆಗೂ ಬಿಚ್ಚಿಕೊಳ್ಳುತ್ತದೆ. ಕ್ರೋಶಾದಲ್ಲಿ ಯಾವ ಹೊತ್ತಿಗೂ ತೆರೆದಿರುವುದು ಬಹುಮಟ್ಟಿಗೆ ಒಂದೇ ಕುಣಿಕೆ. ಒಲೆಯ ಮೇಲೆ ಹಾಲಿಟ್ಟು ಬಂದು ನಾಲ್ಕು ಜಾಗ ಹೆಣೆದು, ಆ ಕುಣಿಕೆಗೆ ಒಂದು ಪಿನ್ನು ಸಿಕ್ಕಿಸಿ ಎದ್ದುಹೋಗಬಹುದು. ಮನೆಗೆಲಸದ ನಡುವೆ ಮಾಡುವವರಿಗೆ ಇದು ಹೊಂದಿಕೊಂಡದ್ದು ಅದಕ್ಕೇ. ಬೇಕಾಗುವುದು 1 ಮಿ.ಮೀ.ಯಿಂದ 1.5 ಮಿ.ಮೀ. ಒಳಗಿನ ಒಂದು ಉಕ್ಕಿನ ಕ್ರೋಶಾ ಕಡ್ಡಿ, ದಾರ, ಸಣ್ಣ ಕತ್ತರಿ, ಅಳತೆ ಟೇಪು, ದೊಡ್ಡ ಕಣ್ಣಿನ ಒಂದು ಸೂಜಿ. ಕಡ್ಡಿ ಕೊಳ್ಳುವಾಗ ಅದರ ಕೊಕ್ಕೆಯನ್ನು ಹಳೆಯ ನೈಲಾನ್ ಬಟ್ಟೆಯ ಮೇಲೆ ಎಳೆದು ನೋಡಿ. ಎಳೆ ಕಿತ್ತರೆ ಆ ಕಡ್ಡಿ ರೇಷ್ಮೆಗೆ ಬೇಡ.

ದಾರದ ವಿಷಯದಲ್ಲಿ ಎಚ್ಚರ ಬೇಕು. ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ ಸಿಲ್ಕ್ ಥ್ರೆಡ್ ಎಂಬ ಹೆಸರಿನಲ್ಲಿ ಸಿಗುವ ಹೊಳಪಿನ ಉರುಳೆಗಳಲ್ಲಿ ಹೆಚ್ಚಿನವು ರೇಯಾನ್ ಅಥವಾ ಪಾಲಿಯೆಸ್ಟರ್. ಅದರಿಂದ ಕೆಡುಕೇನೂ ಇಲ್ಲ, ಆದರೆ ಯಾವುದು ಎಂದು ತಿಳಿದಿರಬೇಕು. ಒಂದು ಚೂರನ್ನು ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ; ಕಾಗದದಂತೆ ಉರಿದರೆ ರೇಯಾನ್; ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಈ ಉರುಳೆಯ ದಾರ ಬಹಳ ತೆಳ್ಳಗಿರುವುದರಿಂದ 6 ಅಥವಾ 8 ಎಳೆ ಸೇರಿಸಿ ಹೆಣೆಯುತ್ತಾರೆ. ಸೇರಿಸುವಾಗ ಎಲ್ಲ ಎಳೆಗಳೂ ಒಂದೇ ಬಿಗಿಯಲ್ಲಿರಬೇಕು. ಒಂದು ಎಳೆ ಸಡಿಲವಾಗಿದ್ದರೆ ಕಡ್ಡಿ ಅದನ್ನು ಬಿಟ್ಟು ಉಳಿದವನ್ನಷ್ಟೇ ಹಿಡಿಯುತ್ತದೆ, ಬಿಟ್ಟ ಎಳೆ ಹೊರಗೆ ಜೋತು ಬೀಳುತ್ತದೆ. ಆದ್ದರಿಂದ ಕಲಿಯುವಾಗ ಹೊಳಪಿನ ದಾರ ಬೇಡವೇ ಬೇಡ. ಹುರಿ ಮಾಡಿದ ಹತ್ತಿಯ ಕ್ರೋಶಾ ದಾರದಲ್ಲಿ ಕೈ ಕೂರಲಿ.

ಹೆಣಿಗೆಗಳು ಮೂರು ಸಾಕು. ಮೊದಲನೆಯದು ಚೈನ್: ಕಡ್ಡಿಯ ಮೇಲಿನ ಕುಣಿಕೆಯೊಳಗಿಂದ ದಾರವನ್ನು ಒಮ್ಮೆ ಎಳೆದರೆ ಒಂದು ಚೈನ್. ಎರಡನೆಯದು ಸಿಂಗಲ್ ಕ್ರೋಶಾ. ಕುಚ್ಚು ಹಾಕುವವರು ಲಾಕ್ ಮಾಡುವುದು ಎನ್ನುತ್ತಾರೆ. ಕಡ್ಡಿಯನ್ನು ಬಟ್ಟೆಗೋ ಹಿಂದಿನ ಸಾಲಿನ ಜಾಗಕ್ಕೋ ತೂರಿಸಿ ದಾರ ಎಳೆದರೆ ಕಡ್ಡಿಯ ಮೇಲೆ ಎರಡು ಕುಣಿಕೆ ಆಗುತ್ತವೆ. ಮತ್ತೆ ದಾರ ಸುತ್ತಿ ಎರಡರಿಂದಲೂ ಒಟ್ಟಿಗೆ ಹೊರಗೆಳೆಯಿರಿ. ಮೂರನೆಯದು ಡಬಲ್ ಕ್ರೋಶಾ: ತೂರಿಸುವ ಮೊದಲೇ ದಾರವನ್ನು ಕಡ್ಡಿಗೆ ಒಮ್ಮೆ ಸುತ್ತಿಕೊಳ್ಳಿ. ತೂರಿಸಿ ಎಳೆದಾಗ ಮೂರು ಕುಣಿಕೆ ಆಗುತ್ತವೆ; ದಾರ ಸುತ್ತಿ ಎರಡರಿಂದ, ಮತ್ತೆ ಸುತ್ತಿ ಉಳಿದೆರಡರಿಂದ ಹೊರಗೆಳೆಯಿರಿ. ಇದು ಲಾಕ್‌ಗಿಂತ ಎತ್ತರ ಬರುತ್ತದೆ, ಕಮಾನುಗಳನ್ನು ಮಾಡುವುದು ಇದರಿಂದಲೇ. ವಿಡಿಯೊ ಅಥವಾ ಪುಸ್ತಕ ನೋಡಿ ಕಲಿಯುವವರು ಒಂದು ಗೊಂದಲವನ್ನು ಮೊದಲೇ ತಿಳಿದಿರಲಿ: ಅಮೆರಿಕದ ಪದ್ಧತಿಯ ಸಿಂಗಲ್ ಬ್ರಿಟಿಷ್ ಪದ್ಧತಿಯಲ್ಲಿ ಡಬಲ್, ಅಮೆರಿಕದ ಡಬಲ್ ಬ್ರಿಟಿಷರಲ್ಲಿ ಟ್ರೆಬಲ್. ಇಲ್ಲಿ ಬಳಸಿರುವುದು ಅಮೆರಿಕದ ಹೆಸರುಗಳನ್ನು.

ಸೀರೆಗೆ ಕೈಹಾಕುವ ಮೊದಲು ಒಂದು ಹತ್ತಿ ಕರವಸ್ತ್ರದ ನಾಲ್ಕೂ ಬದಿಗೆ ಲಾಕ್ ಮತ್ತು ಚೈನಿನ ಸಾಲು ಹಾಕಿ. ಆಮೇಲೆ ಒಂದು ಬ್ಲೌಸಿನ ತೋಳಿಗೆ, ಆಮೇಲೆ ದುಪಟ್ಟಾಗೆ. ಕರವಸ್ತ್ರದಲ್ಲಿ ಮೂಲೆ ತಿರುಗುವಾಗ ಒಂದೇ ತೂತಿಗೆ ಮೂರು ಲಾಕ್ ಹಾಕದಿದ್ದರೆ ಮೂಲೆ ಮಡಚಿಕೊಳ್ಳುತ್ತದೆ; ಬಟ್ಟೆಗೂ ಹೆಣಿಗೆಗೂ ನಡುವಿನ ಲೆಕ್ಕ ಕೈಗೆ ಅರ್ಥವಾಗುವುದು ಅಲ್ಲೇ.

ಸೆರಗಿನ ಕೆಲಸ, ಹಂತ ಹಂತವಾಗಿ

1. ಅಂಚನ್ನು ಸಿದ್ಧಮಾಡಿ. ಸೆರಗಿನ ತುದಿಯಲ್ಲಿ ಹೊಕ್ಕಿನ ಒಂದು ಎಳೆಯನ್ನು ನಿಧಾನವಾಗಿ ಎಳೆದು ತೆಗೆದರೆ ಬಟ್ಟೆಯಲ್ಲಿ ನೇರ ಗೆರೆ ಕಾಣಿಸುತ್ತದೆ. ಅದರ ಗುಂಟ ಕತ್ತರಿಸಿ. ಕತ್ತರಿಸಿದ ಅಂಚಿಗೆ ಜಿಗ್‌ಜಾಗ್ ಹೊಲಿಗೆ ಹಾಕಿಸಿ, ಅರ್ಧ ಸೆಂ.ಮೀ.ಯಷ್ಟು ಒಳಕ್ಕೆ ಮಡಿಸಿ, ಕೈಯಲ್ಲಿ ಹೆಮ್ಮಿಂಗ್ ಮಾಡಿ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಜನ ಬಿಡುವುದು ಈ ಹಂತವನ್ನು, ಅತಿ ಹೆಚ್ಚು ಹಾನಿಯಾಗುವುದೂ ಇದನ್ನು ಬಿಟ್ಟರೆ. ಮಡಿಕೆಯಿಂದಾಗಿ ಕುಣಿಕೆಗೆ ಒಂದು ಪದರದ ಬದಲು ಎರಡು ಪದರದ ಆಸರೆ ಸಿಗುತ್ತದೆ. ಜಿಗ್‌ಜಾಗ್ ಹೊಲಿಗೆ ಹೊಕ್ಕಿನ ಕೊನೆಯ ಎಳೆಗಳನ್ನು ಕಟ್ಟಿಹಾಕುತ್ತದೆ. ಹಳೆಯ ಕುಚ್ಚಿನ ಗಂಟು ಮಾಡುತ್ತಿದ್ದ ಕೆಲಸವನ್ನು ಈಗ ಇವು ಮಾಡುತ್ತವೆ.

2. ಚೈನಿನ ಅಳತೆ ತಿಳಿಯಿರಿ. ನೀವು ಬಳಸಲಿರುವ ಅದೇ ದಾರ, ಅದೇ ಕಡ್ಡಿಯಿಂದ 10 ಚೈನ್ ಹಾಕಿ, ಎಳೆಯದೆ ಮೇಜಿನ ಮೇಲಿಟ್ಟು ಅಳೆಯಿರಿ. 3 ಸೆಂ.ಮೀ. ಬಂದರೆ ನಿಮ್ಮ ಒಂದು ಚೈನ್ 3 ಮಿ.ಮೀ. ಹಾಗಾದರೆ 3 ಚೈನ್ 9 ಮಿ.ಮೀ. ಆಯಿತು, ಲಾಕ್ ತಾನೇ ಸುಮಾರು 1 ಮಿ.ಮೀ. ಜಾಗ ಹಿಡಿಯುತ್ತದೆ, ಲಾಕ್‌ನಿಂದ ಲಾಕ್‌ಗೆ 1 ಸೆಂ.ಮೀ. ಅಂತರ ಇಟ್ಟರೆ ಸರಿಹೊಂದುತ್ತದೆ. 10 ಚೈನ್ ಎರಡೂವರೆ ಸೆಂ.ಮೀ. ಮಾತ್ರ ಬಂದರೆ ನಿಮ್ಮ ಕೈ ಬಿಗಿ. ಬಲವಂತವಾಗಿ ಸಡಿಲ ಮಾಡಲು ಹೋಗಬೇಡಿ. ಗುರುತುಗಳ ಅಂತರವನ್ನು 8.5 ಮಿ.ಮೀ.ಗೆ ಇಳಿಸಿ. ಬದಲಾಗಬೇಕಾದದ್ದು ಅಂತರವೇ ಹೊರತು ನಿಮ್ಮ ಕೈಯ ಸಹಜ ಬಿಗಿಯಲ್ಲ.

3. ಗುರುತು ಹಾಕಿ. ಸೆರಗಿನ ಅಗಲ 46 ಇಂಚು, ಅಂದರೆ ಸುಮಾರು 117 ಸೆಂ.ಮೀ. ಇದೆ ಎಂದುಕೊಳ್ಳಿ. 1 ಸೆಂ.ಮೀ. ಅಂತರದಲ್ಲಿ 117 ಜಾಗ, 118 ಲಾಕ್ ಆಗುತ್ತವೆ. ಮುಂದೆ ಹೇಳುವ ಕಮಾನಿಗೆ ಜಾಗಗಳ ಸಂಖ್ಯೆ ಬೆಸ ಇರಬೇಕು, 117 ಬೆಸವೇ. ನಿಮ್ಮ ಸೀರೆ 116 ಸೆಂ.ಮೀ. ಇದ್ದರೆ ಕೊನೆಯಲ್ಲಿ ಒಂದು ಜಾಗವನ್ನು ಚಿಕ್ಕದು ಮಾಡಬೇಡಿ. 117 ಜಾಗಗಳನ್ನೇ ಇಟ್ಟು, ಆ ಒಂದು ಸೆಂ.ಮೀ. ಕೊರತೆಯನ್ನು ಇಡೀ ಅಂಚಿಗೆ ಹಂಚಿ. ಪೆನ್ನು, ಮಾರ್ಕರ್ ಬೇಡ. ಸೀರೆಯ ಬಣ್ಣಕ್ಕೆ ಎದ್ದು ಕಾಣುವ ಹೊಲಿಗೆ ದಾರದಲ್ಲಿ ಪ್ರತಿ 10 ಸೆಂ.ಮೀ.ಗೆ ಒಂದು ದೊಡ್ಡ ಟಾಕಿ ಹಾಕಿ, ನಡುವಿನ ಗುರುತುಗಳನ್ನು ದರ್ಜಿಗಳ ಚಾಕಿನಿಂದ ತೆಳ್ಳಗೆ ಎಳೆಯಿರಿ.

4. ಮೊದಲ ಸಾಲು. ಸೀರೆಯ ಮೇಲ್ಮುಖ ನಿಮ್ಮ ಕಡೆಗಿರಲಿ. ಮೊದಲ ಗುರುತಿನಲ್ಲಿ ಲಾಕ್, 3 ಚೈನ್, ಮುಂದಿನ ಗುರುತಿನಲ್ಲಿ ಲಾಕ್, ಹೀಗೆ ಕೊನೆಯವರೆಗೆ. ಕಡ್ಡಿ ಯಾವಾಗಲೂ ಹೆಮ್ಮಿಂಗ್ ಗೆರೆಗೂ ಮಡಿಸಿದ ಅಂಚಿಗೂ ನಡುವೆ, ಎರಡೂ ಪದರ ದಾಟಿ ಹೋಗಬೇಕು. ಅಂಚಿನಿಂದ ಎಲ್ಲ ಕಡೆ ಒಂದೇ ದೂರದಲ್ಲಿರಬೇಕು. ಒತ್ತಾಗಿ ನೇಯ್ದ ರೇಷ್ಮೆಗೆ ಕಡ್ಡಿಯನ್ನು ಬಲವಂತವಾಗಿ ಚುಚ್ಚಿದರೆ ಎಳೆ ಕಡಿಯುತ್ತದೆ. ಮೊಂಡು ತುದಿಯ ಸೂಜಿಯಿಂದ ಎಳೆಗಳನ್ನು ಸರಿಸಿ ದಾರಿ ಮಾಡಿ, ಆಮೇಲೆ ಕಡ್ಡಿ ತೂರಿಸಿ. ಬಟ್ಟೆ ತೀರಾ ನಾಜೂಕಾಗಿದ್ದರೆ ಇನ್ನೊಂದು ಉಪಾಯವಿದೆ: ಅದೇ ಬಣ್ಣದ ದಾರದಲ್ಲಿ ಸೂಜಿಯಿಂದ ಅಂಚಿನುದ್ದಕ್ಕೂ ಬ್ಲ್ಯಾಂಕೆಟ್ ಹೊಲಿಗೆ ಹಾಕಿ, ಕ್ರೋಶಾವನ್ನು ಬಟ್ಟೆಗೆ ಹಾಕದೆ ಆ ಹೊಲಿಗೆಯ ಮೇಲ್ಗೆರೆಗೆ ಹಾಕಿ. ಸಮಯ ಹೆಚ್ಚು ಬೇಡುತ್ತದೆ, ಆದರೆ ಹಳೆಯ ರೇಷ್ಮೆ ಸೀರೆಗೆ ಇದಕ್ಕಿಂತ ಸುರಕ್ಷಿತವಾದ ದಾರಿ ಇಲ್ಲ.

5. ಪ್ರತಿ 10 ಸೆಂ.ಮೀ.ಗೆ ನಿಲ್ಲಿ. ಟಾಕಿಯ ಗುರುತು ಬಂದ ಕೂಡಲೇ ಸೆರಗನ್ನು ಎಳೆಯದೆ ಮೇಜಿನ ಮೇಲೆ ಹರಡಿ ನೋಡಿ. ನೆರಿಗೆ ಕಂಡರೆ ಕಳೆದ 10 ಸೆಂ.ಮೀ. ಮಾತ್ರ ಬಿಚ್ಚಿದರಾಯಿತು. ಕೊನೆಗೆ ನೋಡೋಣ ಎಂದು ಬಿಟ್ಟರೆ ಬಿಚ್ಚಬೇಕಾದದ್ದು ಇಡೀ ಸಾಲು, ಮತ್ತು ರೇಷ್ಮೆಯಲ್ಲಿ ಬಿಚ್ಚಿದ ತೂತುಗಳ ಗುರುತು ಉಳಿಯುತ್ತದೆ.

6. ಕಮಾನಿನ ಸಾಲು. ದಾರ ಕತ್ತರಿಸಿ, ಮತ್ತೆ ಆರಂಭದ ತುದಿಯಿಂದಲೇ ಮೇಲ್ಮುಖದಲ್ಲಿ ಹೊರಡಿ. ಮೊದಲ ಜಾಗದಲ್ಲಿ ಒಂದು ಲಾಕ್, ಎರಡನೆಯ ಜಾಗದೊಳಗೆ 7 ಡಬಲ್ ಕ್ರೋಶಾ, ಮೂರನೆಯದರಲ್ಲಿ ಲಾಕ್, ನಾಲ್ಕನೆಯದರಲ್ಲಿ 7 ಡಬಲ್ ಕ್ರೋಶಾ. 117ನೆಯ ಜಾಗದಲ್ಲಿ ಲಾಕ್‌ನಿಂದ ಮುಗಿಯುವಾಗ ಒಟ್ಟು 58 ಕಮಾನು ಆಗಿರುತ್ತವೆ. ಮಣಿ ಬೇಕಿದ್ದರೆ ಪ್ರತಿ ಕಮಾನಿನ ನಾಲ್ಕನೆಯ ಡಬಲ್ ಆದ ಮೇಲೆ ಒಂದು ಮಣಿಯನ್ನು ತೆಳ್ಳನೆಯ ಕಡ್ಡಿಗೆ ಪೋಣಿಸಿ, ಕುಣಿಕೆಯನ್ನು ಅದರೊಳಗಿಂದ ಎಳೆದು, ಒಂದು ಚೈನ್ ಹಾಕಿ ಮುಂದುವರಿಯಿರಿ. ಕೊಳ್ಳುವಾಗಲೇ ಮಣಿಯ ತೂತಿನಲ್ಲಿ ಕಡ್ಡಿ ಹೋಗುತ್ತದೆಯೇ ನೋಡಿ.

7. ಗೊಂಡೆ. ಒಂದು ಕಮಾನು ಬಿಟ್ಟು ಒಂದಕ್ಕೆ ಕಟ್ಟಿದರೆ 29 ಗೊಂಡೆ ಬೇಕು. 5 ಸೆಂ.ಮೀ. ರಟ್ಟಿಗೆ ಎಲ್ಲಕ್ಕೂ ಒಂದೇ ಎಣಿಕೆಯಲ್ಲಿ ದಾರ ಸುತ್ತಿ, ತಲೆ ಕಟ್ಟಿ, ತುದಿ ಕತ್ತರಿಸಿ, ಕಮಾನಿನ ನಡುವೆ ಸೂಜಿಯಿಂದ ಹೊಲಿಯಿರಿ.

8. ದಾರದ ತುದಿ ಅಡಗಿಸಿ. ಕ್ರೋಶಾ ನಿಂತಿರುವುದು ಕೊನೆಯ ಕುಣಿಕೆಯ ಮೇಲೆ. ಅದು ಬಿಚ್ಚಿದರೆ ಹಿಂದಿನದೆಲ್ಲ ಬಿಚ್ಚುತ್ತದೆ. ರೇಯಾನ್ ದಾರ ನುಣುಪಾದ್ದರಿಂದ ಬರೀ ಗಂಟು ನಿಲ್ಲುವುದಿಲ್ಲ. 8–10 ಸೆಂ.ಮೀ. ತುದಿ ಬಿಟ್ಟು ಕತ್ತರಿಸಿ, ಸೂಜಿಗೆ ಪೋಣಿಸಿ, ಹೆಣಿಗೆಯ ಒಳಗೇ ಒಂದು ದಿಕ್ಕಿಗೆ ಸಾಗಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ ತನ್ನಿ. ಅಂಟು, ಉಗುರು ಬಣ್ಣ ಹಚ್ಚಿದರೆ ಆ ಜಾಗ ಗಟ್ಟಿಯಾಗಿ ರೇಷ್ಮೆಯನ್ನು ಉಜ್ಜುತ್ತದೆ, ಕಲೆಯೂ ಆಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲ ಸಾಲನ್ನು ಬಿಗಿಯಾಗಿ ಎಳೆದರೆ ಗಟ್ಟಿಯಾಗುತ್ತದೆ ಎಂಬ ಎಣಿಕೆಯೇ ದೊಡ್ಡ ತಪ್ಪು. ಲಾಕ್ ಬಟ್ಟೆಯನ್ನು ಹಿಡಿಯಬೇಕು, ಕುತ್ತಿಗೆ ಹಿಸುಕಬಾರದು. ಬಿಗಿಯಾದ ಕುಣಿಕೆ ಎರಡು ಪದರದ ಅಂಚನ್ನೂ ಒಂದು ಬಿಂದುವಿಗೆ ಎಳೆದುಕೊಳ್ಳುತ್ತದೆ. ನೆರಿಗೆ, ಕಿಂಡಿ ಎರಡೂ ಅಲ್ಲಿಂದಲೇ ಶುರುವಾಗುತ್ತವೆ. ಗಟ್ಟಿತನ ಬರಬೇಕಾದದ್ದು ಹೆಮ್ಮಿಂಗ್‌ನಿಂದ, ಲಾಕ್‌ಗಳ ನಡುವಿನ ಸರಿ ಅಂತರದಿಂದ. ಲಾಕ್‌ಗಳನ್ನು ದೂರ ದೂರ ಹಾಕಿ ಕೆಲಸ ಬೇಗ ಮುಗಿಸುವುದೂ ತಪ್ಪೇ, ಏಕೆಂದರೆ ಆಗ ಪ್ರತಿಯೊಂದು ತೂತಿನ ಮೇಲೂ ಹೆಚ್ಚು ಭಾರ ಬೀಳುತ್ತದೆ. ಭಾರವಾದ ಗಾಜಿನ ಮಣಿ, ಲೋಹದ ಗೆಜ್ಜೆ ಹಾಕುವಂಥ ವಿನ್ಯಾಸಕ್ಕೆ ಅಂತರ ಇನ್ನೂ ಕಡಿಮೆ ಇರಬೇಕು. ತೆಳ್ಳನೆಯ ಆರ್ಟ್ ಸಿಲ್ಕ್ ಸೀರೆಗೆ ಅಂಥ ವಿನ್ಯಾಸವನ್ನೇ ಒಪ್ಪಿಕೊಳ್ಳದಿರುವುದು ಒಳ್ಳೆಯದು.

ದಾರ ಸಾಲದೆ ಹೋಗುವುದು ಇನ್ನೊಂದು. ಒಂದು ಕಮಾನು ಹೆಣೆದು, ಬಿಚ್ಚಿ, ಎಷ್ಟು ದಾರ ಹಿಡಿಯಿತೆಂದು ಅಳೆದು 58ರಿಂದ ಗುಣಿಸಿ. ಅದಕ್ಕೆ ಮೊದಲ ಸಾಲಿನದು, ಗೊಂಡೆಯದು ಸೇರಿಸಿ, ಸ್ವಲ್ಪ ಹೆಚ್ಚಾಗಿಯೇ ಒಂದೇ ಸಲಕ್ಕೆ ಕೊಳ್ಳಿ. ಅದೇ ಬಣ್ಣ ಎಂದು ಆಮೇಲೆ ತಂದ ಉರುಳೆ ಬಿಸಿಲಿಗೆ ಹಿಡಿದರೆ ಬೇರೆ ಕಾಣಬಹುದು. ಕೆಂಪು, ಕಡುಗೆಂಪು, ಕಡುನೀಲಿ ದಾರಗಳನ್ನು ತಿಳಿ ಬಣ್ಣದ ಸೀರೆಗೆ ಹಾಕುವ ಮುನ್ನ ಒಂದು ತುಂಡನ್ನು ಬಿಸಿನೀರಿನಲ್ಲಿ ನೆನೆಸಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡುವುದನ್ನು ಮರೆಯಬಾರದು. ಬಣ್ಣ ಬಿಟ್ಟರೆ ಆ ದಾರ ಬೇಡ.

ಎಚ್ಚರಿಕೆಗಳಲ್ಲಿ ಕೆಲವು ಸೀರೆಗೆ, ಕೆಲವು ನಿಮಗೆ. ಉಗುರಿನ ಒರಟು ತುದಿ ರೇಷ್ಮೆಯ ಎಳೆ ಕೀಳುತ್ತದೆ, ಮೊದಲು ಉಜ್ಜಿಕೊಳ್ಳಿ. ಅರಿಸಿನದ ಕೈ, ಎಣ್ಣೆ ಕೈ ತಾಗದಿರಲು ಮಡಿಲಲ್ಲಿ ಬಿಳಿ ಪಂಚೆ ಹಾಸಿಕೊಂಡು ಕೂರಿ. ಪ್ಲಾಸ್ಟಿಕ್ ಮಣಿ, ಜರಿ ದಾರ ಇರುವ ಕಡೆ ಇಸ್ತ್ರಿ ನೇರವಾಗಿ ತಾಗಬಾರದು. ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಮಣಿಕಟ್ಟು, ಕುತ್ತಿಗೆ ಆಡಿಸಿ. ಬೆರಳು ಜೋಮು ಹಿಡಿಯುತ್ತಿದ್ದರೆ ಅದನ್ನು ಅಭ್ಯಾಸವಾಗುತ್ತದೆ ಎಂದು ತಳ್ಳಿಹಾಕಬೇಡಿ, ವೈದ್ಯರಿಗೆ ತೋರಿಸಿ. ಕಡುಬಣ್ಣದ ಸೀರೆಯನ್ನು ರಾತ್ರಿ ದೀಪದಲ್ಲಿ ಹಿಡಿಯದೆ ಹಗಲಿಗೆ ಇಟ್ಟುಕೊಳ್ಳಿ.

ಇಷ್ಟೆಲ್ಲ ಏಕೆ, ಅಂಗಡಿಯ ಲೇಸ್ ಹೊಲಿದರಾಗದೇ?

ಆಗುತ್ತದೆ, ಮತ್ತು ದಿನಬಳಕೆಯ ಸೀರೆಗೆ ಅದೇ ಸರಿ. ಆದರೆ ಅಂಗಡಿಯಲ್ಲಿ ಕ್ರೋಶಾ ಲೇಸ್ ಎಂದು ಮೀಟರಿನಲ್ಲಿ ಸಿಗುವುದು ಸಾಮಾನ್ಯವಾಗಿ ಯಂತ್ರದ ಬೇರೆ ಬಗೆಯ ಹೆಣಿಗೆ. ಅದನ್ನು ನಿಮ್ಮ ಸೆರಗಿನ ಅಗಲಕ್ಕೆ ಹಂಚಲಾಗುವುದಿಲ್ಲ, ವಿನ್ಯಾಸ ಎಲ್ಲಿ ಬಂತೋ ಅಲ್ಲಿಗೆ ಕತ್ತರಿಸಬೇಕು. ಕತ್ತರಿಸಿದ ತುದಿ ಬಿಚ್ಚಿಕೊಳ್ಳುತ್ತದೆ. ಕೈಯ ಕುಚ್ಚು ಆ ಒಂದು ಸೀರೆಯ ಅಳತೆಗೇ ಹುಟ್ಟುತ್ತದೆ, ಒಂದು ಕಡೆ ಹಾಳಾದರೆ ಅಷ್ಟನ್ನೇ ಸರಿಪಡಿಸಬಹುದು. ಅದರ ಬೆಲೆಗೆ ಆಧಾರ ಇದೇ.

ಬೆಲೆಯ ಮಾತು ಬಂದಾಗ ಇನ್ನೊಂದು ಆಕ್ಷೇಪ ಏಳುತ್ತದೆ: ಗಿರಾಕಿ ನೋಡುವುದು ಮಣಿ, ಗೊಂಡೆ, ಕಮಾನನ್ನು, ಮೊದಲ ಸಾಲಿಗೆ ಇಷ್ಟು ಹೊತ್ತು ಕೊಟ್ಟರೆ ಅದಕ್ಕೆ ಕೂಲಿ ಕೊಡುವವರು ಯಾರು? ಇದು ನ್ಯಾಯವಾದ ಪ್ರಶ್ನೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ನರಸಾಪುರದ ಲೇಸ್ ಹೆಣೆಯುವ ಹೆಂಗಸರನ್ನು ಕುರಿತು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದು ಇದನ್ನೇ: ಹೊರದೇಶದ ಮಾರುಕಟ್ಟೆಗೆ ದುಡಿಯುತ್ತಿದ್ದವರನ್ನು ಬಿಡುವಿನಲ್ಲಿ ಹೆಣೆಯುವ ಗೃಹಿಣಿಯರು ಎಂದು ಕರೆದದ್ದರಿಂದಲೇ ಅವರ ಕೂಲಿಯನ್ನು ಅಷ್ಟು ಕೆಳಗೆ ಇಡಲು ಸಾಧ್ಯವಾಯಿತು. ಕುಚ್ಚಿನ ದರವನ್ನು ವಿನ್ಯಾಸದ ಮೇಲೆ, ಗೊಂಡೆಯ ಲೆಕ್ಕದ ಮೇಲೆ ಕಟ್ಟಿದಾಗ ನಮ್ಮಲ್ಲೂ ಆಗುವುದು ಅದೇ. ಕಾಣದ ಸಾಲಿಗೆ ಕಾಸಿಲ್ಲ, ಕಾಸಿಲ್ಲದ್ದರಿಂದ ಅದು ಅವಸರದಲ್ಲಿ ಮುಗಿಯುತ್ತದೆ, ಸೀರೆ ಹಾಳಾಗುತ್ತದೆ. ದರವನ್ನು ಗಂಟೆಯ ಮೇಲೆ ಕಟ್ಟಿ. ಅಂಚು ಸಿದ್ಧಮಾಡಲು, ಮೊದಲ ಸಾಲಿಗೆ, ಕಮಾನಿಗೆ, ಗೊಂಡೆಗೆ ಎಷ್ಟೆಷ್ಟು ಹೊತ್ತು ಹಿಡಿಯಿತೆಂದು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಉದಾಹರಣೆಗೆ ಒಟ್ಟು 8 ಗಂಟೆ ಹಿಡಿದು, ಗಂಟೆಗೆ 70 ರೂಪಾಯಿ ಎಂದು ನೀವು ತೀರ್ಮಾನಿಸಿದರೆ ಕೂಲಿ 560 ರೂಪಾಯಿ. ದಾರ, ಮಣಿಯ ಖರ್ಚು 150 ಆಗಿದ್ದರೆ ಸೀರೆಗೆ 710. ಅಂಗಡಿಯವರು ಕಡಿಮೆ ಮಾಡಿ ಎಂದರೆ ಕಡಿಮೆಯಾಗಬೇಕಾದದ್ದು ಗೊಂಡೆ, ಮಣಿ, ಕಮಾನಿನ ಎತ್ತರ. ಮೊದಲ ಸಾಲನ್ನು ಚೌಕಾಸಿಗೆ ಇಡಬೇಡಿ, ಮತ್ತು ಅದಕ್ಕೆ ಹಿಡಿದ ಹೊತ್ತನ್ನು ಲೆಕ್ಕದ ಚೀಟಿಯಲ್ಲಿ ಬೇರೆಯಾಗಿ ಬರೆದು ತೋರಿಸಿ.

ಸೀರೆ ಕೊಡುವಾಗ ನಾಲ್ಕು ಮಾತು ಹೇಳಿ ಕಳಿಸಿ. ಕುಚ್ಚಿರುವ ರೇಷ್ಮೆ ಸೀರೆಯನ್ನು ಡ್ರೈಕ್ಲೀನಿಂಗ್‌ಗೆ ಕೊಡುವಾಗ ಸೆರಗಿನ ತುದಿಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಟಾಕಿ ಹಾಕಿರಬೇಕು. ಆರ್ಟ್ ಸಿಲ್ಕ್ ಸೀರೆಯನ್ನು ಮನೆಯಲ್ಲಿ ಒಗೆದರೆ ಸೆರಗು ಕೆಳಗೆ ಜೋತುಬೀಳುವಂತೆ ತಂತಿಗೆ ಹಾಕದೆ, ಮಡಿಸಿ ನೆರಳಲ್ಲಿ ಹರಡಬೇಕು. ಬೀರುವಿನಲ್ಲಿಡುವಾಗ ಕುಚ್ಚು ಮಡಿಕೆಯ ಒಳಗೆ ಸಿಕ್ಕದಂತೆ ಹೊರಗಿರಲಿ. ಎಲ್ಲಾದರೂ ಕುಣಿಕೆ ಕಿತ್ತು ದಾರ ಹೊರಗೆ ಬಂದರೆ ಕತ್ತರಿಸಬೇಡಿ. ಆ ದಾರಕ್ಕೆ ಒಂದು ಪಿನ್ನು ಸಿಕ್ಕಿಸಿ ತಂದರೆ, ಕಿತ್ತ ಜಾಗದಿಂದ ಹಿಂದಿನ ಲಾಕ್‌ವರೆಗೆ ಮಾತ್ರ ಬಿಚ್ಚಿ, ಉಳಿಸಿಟ್ಟ ಅದೇ ಉರುಳೆಯ ದಾರದಲ್ಲಿ ಅಷ್ಟನ್ನೇ ಮತ್ತೆ ಹೆಣೆದುಕೊಡಬಹುದು.